ಕಡಲಂಚಿನ ಬಿಸಿಲು ಮತ್ತು ಕುದುರೆಯ ಗುಲಾಬಿ ಮೂತಿ: ಸುಡದಂತೆ ಕಾಯುವುದು, ಸುಟ್ಟರೆ ಆರೈಕೆ ಮಾಡುವುದು

ಮಾರ್ಚ್ ಬಂತೆಂದರೆ ನಮ್ಮ ಕರಾವಳಿಯಲ್ಲಿ ಕುದುರೆ ಇಟ್ಟವರಿಂದ ಒಂದು ದೂರು ಕೇಳಿಬರುತ್ತದೆ. "ಮೂಗಿನ ಮೇಲೆ ಸಿಪ್ಪೆ ಏಳ್ತಿದೆ, ಲಗಾಮು ಹಾಕೋಕೇ ಬಿಡ್ತಿಲ್ಲ." ನೊಣದ ಕಾಟ ಇರಬೇಕು, ಹಗ್ಗ ಉಜ್ಜಿರಬೇಕು ಎಂದು ಸುಮ್ಮನಾಗುವವರೇ ಜಾಸ್ತಿ. ಹತ್ತಿರದಿಂದ ನೋಡಿದರೆ ಬಿಳಿ ಪಟ್ಟೆ ಇದ್ದಲ್ಲಿ ಮಾತ್ರ ಚರ್ಮ ಕೆಂಪಾಗಿರುತ್ತದೆ. ಪಕ್ಕದ ಕಪ್ಪು ಚರ್ಮಕ್ಕೆ ಏನೂ ಆಗಿರುವುದಿಲ್ಲ. ಅದು ಬಿಸಿಲಿನ ಸುಟ್ಟಗಾಯ.

ಬೀಚಿನ ಸವಾರಿಗೆ, ಮದುವೆ ಮೆರವಣಿಗೆಗೆ, ಇಲ್ಲವೇ ಸುಮ್ನೆ ಆಸೆಗೆಂದು ಕುದುರೆ ಸಾಕಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕ್ರೀಮು ಹುಡುಕಿಕೊಂಡು ಮೆಡಿಕಲ್ ಶಾಪಿಗೆ ಹೋಗುವ ಮೊದಲು ಎರಡು ವಿಷಯ ನೋಡಿ. ನಿಮ್ಮ ಕುದುರೆ ಮಧ್ಯಾಹ್ನ ಎಲ್ಲಿ ನಿಲ್ಲುತ್ತದೆ? ಅದು ಏನು ತಿನ್ನುತ್ತದೆ? ಮುಕ್ಕಾಲು ಪಾಲು ಉತ್ತರ ಅಲ್ಲೇ ಇರುತ್ತದೆ.

ಯಾವ ಕುದುರೆಗೆ ಸುಡುತ್ತದೆ

ಕಪ್ಪು ಚರ್ಮದಲ್ಲಿ ಮೆಲನಿನ್ ಎಂಬ ಬಣ್ಣದ ವಸ್ತು ಇರುತ್ತದೆ. ಅದು ಬಿಸಿಲಿನಲ್ಲಿರುವ, ಚರ್ಮ ಸುಡುವ ಯುವಿ (ನೇರಳಾತೀತ) ಕಿರಣವನ್ನು ಹೀರಿಕೊಂಡು ಒಳಗಿನ ಜೀವಕೋಶಗಳನ್ನು ಕಾಯುತ್ತದೆ. ಗುಲಾಬಿ ಚರ್ಮದಲ್ಲಿ ಅದಿಲ್ಲ. ಮನುಷ್ಯರು ನಾಲ್ಕು ದಿನ ಬಿಸಿಲಿಗೆ ಹೋದರೆ ಮೈ ಕಪ್ಪಾಗಿ ಒಂದಿಷ್ಟು ಹೊಂದಿಕೊಳ್ಳುತ್ತದೆ. ಕುದುರೆಯ ಗುಲಾಬಿ ಮೂತಿಗೆ ಆ ದಾರಿಯೂ ಇಲ್ಲ. ಎಷ್ಟು ವರ್ಷ ಬೀಚಿನಲ್ಲಿ ಕಳೆದರೂ ಅದು ಗುಲಾಬಿಯೇ. "ಇದಕ್ಕೆ ಬಿಸಿಲು ರೂಢಿಯಾಗಿದೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಕೂದಲು ಬಿಳಿ ಇದ್ದ ಮಾತ್ರಕ್ಕೆ ಚರ್ಮವೂ ಗುಲಾಬಿ ಇರಬೇಕೆಂದಿಲ್ಲ. ಪರೀಕ್ಷೆ ಸುಲಭ. ಬಿಳಿ ಕೂದಲಿನ ಮೇಲೆ ಒಂದು ಚೊಂಬು ನೀರು ಹಾಕಿ. ಒದ್ದೆ ಕೂದಲಿನ ಕೆಳಗೆ ಚರ್ಮದ ಬಣ್ಣ ಕಾಣುತ್ತದೆ. ಕಪ್ಪೋ ಬೂದಿಯೋ ಕಂಡರೆ ಅಷ್ಟು ಚಿಂತೆ ಬೇಡ. ಗುಲಾಬಿ ಕಂಡರೆ ಆ ಜಾಗವನ್ನು ನೆನಪಿಟ್ಟುಕೊಳ್ಳಿ. ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟರೆ ಇನ್ನೂ ಒಳ್ಳೆಯದು, ಮುಂದೆ ಹೋಲಿಸಿ ನೋಡಲು ಬರುತ್ತದೆ.

ಹುಟ್ಟುವಾಗ ಕಪ್ಪೋ ಕಂದೋ ಇದ್ದು ವರ್ಷ ಕಳೆದಂತೆ ಬಿಳಿಯಾದ ಕುದುರೆಗೆ ಗ್ರೇ ಅನ್ನುತ್ತಾರೆ. ಅದರ ಚರ್ಮ ಸಾಮಾನ್ಯವಾಗಿ ಕಪ್ಪು. ಮದುವೆಗೆ ತರುವ ನುಕ್ರಾ ಕುದುರೆ ಹಾಗಲ್ಲ, ಅದರ ಚರ್ಮವೇ ಗುಲಾಬಿ. ಉತ್ತರ ಭಾರತದಲ್ಲಿ ಇವಕ್ಕೆ ಬೇಡಿಕೆ ಜಾಸ್ತಿ. ಅಂಥದ್ದನ್ನು ನಮ್ಮ ಕಡಲ ತೀರಕ್ಕೆ ತಂದು ನಿಲ್ಲಿಸಿದರೆ ಇಡೀ ಮುಖಕ್ಕೆ ಅಪಾಯ. ಕಪ್ಪು ಬಿಳಿ ಮಚ್ಚೆಯ ಕುದುರೆಗಳಲ್ಲಿ ಬಿಳಿ ಭಾಗದ ಕೆಳಗೆ ಹೆಚ್ಚಾಗಿ ಗುಲಾಬಿ ಚರ್ಮವೇ ಇರುತ್ತದೆ. ನಾಲ್ಕು ಕಾಲು ಮತ್ತು ಮುಖ ಬಿಳಿ ಇರುವ ಪಂಚಕಲ್ಯಾಣಿ ಕುದುರೆಯನ್ನು ನಮ್ಮಲ್ಲಿ ಶುಭ ಅಂತ ಹುಡುಕಿ ಕೊಳ್ಳುತ್ತಾರೆ, ಅಲ್ವಾ? ನಿಗಾ ಇಡಬೇಕಾದ ಐದು ಜಾಗವೂ ಅವೇ.

ಮೂಗಿನ ಹೊಳ್ಳೆಗಳ ನಡುವೆ, ಮೇಲ್ತುಟಿ, ಕಣ್ಣಿನ ಸುತ್ತ, ಹಣೆಯಿಂದ ಮೂಗಿಗೆ ಇಳಿಯುವ ಪಟ್ಟೆ: ಮೊದಲು ನೋಡಬೇಕಾದ್ದು ಇಲ್ಲಿ. ಜನ ಮರೆಯುವ ಜಾಗಗಳೂ ಇವೆ. ಬಾಲದ ಕೆಳಗೆ, ಕೆಚ್ಚಲು ಅಥವಾ ಶಿಶ್ನದ ಚೀಲ, ಕಿವಿಯ ತುದಿ. ಹಳೆಯ ಗಾಯ ಮಾಯ್ದು ಬಣ್ಣ ಹೋದ ಜಾಗ, ಚಿಕಿತ್ಸೆಗೆಂದು ಕೂದಲು ಬೋಳಿಸಿದ ಜಾಗವೂ ಸುಡಬಹುದು.

ನಮ್ಮ ಬಿಸಿಲಿನ ಲೆಕ್ಕ

ಬಿಸಿ ಬೇರೆ, ಯುವಿ ಬೇರೆ. ಕಡಲ ಗಾಳಿ ಬೀಸುತ್ತಿದ್ದರೆ ಮೈಗೆ ತಂಪೆನಿಸುತ್ತದೆ. ಕಿರಣ ಮಾತ್ರ ಅಷ್ಟೇ ಬೀಳುತ್ತಿರುತ್ತದೆ. ಗಾಳಿ ಇದೆಯಲ್ಲ ಎಂದು ಕುದುರೆಯನ್ನು ಮರಳಲ್ಲೇ ಬಿಡುವುದರಿಂದ ತೀರದಲ್ಲಿ ಸುಡುವುದು ಜಾಸ್ತಿ.

ಕಾರವಾರ ಸುಮಾರು 14.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಾಗಾಗಿ ಸೂರ್ಯ ವರ್ಷಕ್ಕೆ ಎರಡು ಸಲ ನಮ್ಮ ನೆತ್ತಿಯ ನೇರಕ್ಕೆ ಬರುತ್ತಾನೆ: ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ನಡುವಿಗೊಮ್ಮೆ. ಏಪ್ರಿಲ್ ಕೊನೆ ಅಂದರೆ ಶಾಲೆಗೆ ರಜೆ, ಬೀಚಿನಲ್ಲಿ ಜನ, ಮದುವೆಗಳ ಸಾಲು. ಕುದುರೆಗೆ ದುಡಿಮೆ ಜಾಸ್ತಿ ಇರುವಾಗಲೇ ಬಿಸಿಲೂ ಜಾಸ್ತಿ. ಆಗಸ್ಟಿನಲ್ಲಿ ಮೋಡ ಕಾಯುತ್ತದೆ, ನಿಜ. ಆದರೆ ತೆಳು ಮೋಡದೊಳಗಿಂದ ಯುವಿ ಕಿರಣದ ಶೇ. 90ರಷ್ಟು ಇಳಿದುಬರಬಹುದು. ಮಳೆ ಎರಡು ದಿನ ಬಿಟ್ಟು ಹೊಳಪು ಬಂದಾಗ ಹುಷಾರಾಗಿರಿ.

ಇನ್ನೊಂದು ಸೂಕ್ಷ್ಮ ಇದೆ. ನಮ್ಮ ಗಡಿಯಾರ ಓಡುವುದು ಇಡೀ ದೇಶದ ಸಮಯಕ್ಕೆ, ನಾವಿರುವುದು ಪಶ್ಚಿಮದ ಅಂಚಿನಲ್ಲಿ. ಮಾರ್ಚ್‌ನಿಂದ ಮೇ ತನಕ ಕಾರವಾರದಲ್ಲಿ ಸೂರ್ಯ ಅತಿ ಎತ್ತರಕ್ಕೆ ಬರುವುದು 12ಕ್ಕಲ್ಲ, 12.30ರಿಂದ 12.45ರ ಹೊತ್ತಿಗೆ. ಆದ್ದರಿಂದ "ಎರಡು ಗಂಟೆ ಆಯ್ತು, ಇನ್ನು ಬಿಡಬಹುದು" ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. 10ರಿಂದ 3.30ರವರೆಗೆ ಹುಷಾರಾಗಿರಬೇಕು.

ಗಡಿಯಾರ ಬೇಡವೆಂದರೆ ನಿಮ್ಮ ನೆರಳು ನೋಡಿ. ನೆರಳು ನಿಮಗಿಂತ ಗಿಡ್ಡ ಇದ್ದರೆ ಗುಲಾಬಿ ಮೂತಿಯ ಕುದುರೆ ನೆರಳಲ್ಲಿರಬೇಕು. ಮೊಬೈಲಿನ ಹವಾಮಾನ ಆ್ಯಪ್‌ನಲ್ಲಿ ಯುವಿ ಇಂಡೆಕ್ಸ್ ಅಂತ ಒಂದು ಅಂಕೆ ಇರುತ್ತದೆ. 3 ದಾಟಿದರೆ ರಕ್ಷಣೆ ಬೇಕು, 8 ದಾಟಿದರೆ ತುಂಬಾ ಜಾಸ್ತಿ, 11 ಅಂದರೆ ವಿಪರೀತ. ಬೇಸಿಗೆಯ ಮಧ್ಯಾಹ್ನ ನಮ್ಮಲ್ಲಿ 11 ಬರುವುದು ದೊಡ್ಡ ವಿಷಯವೇನಲ್ಲ.

ಮರಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಒಣ ಮರಳು ತನ್ನ ಮೇಲೆ ಬಿದ್ದ ಯುವಿಯಲ್ಲಿ ಸುಮಾರು ಶೇ. 15 ಭಾಗವನ್ನು ವಾಪಸ್ ಎಸೆಯುತ್ತದೆ. ಅಲೆಯ ನೊರೆ ಶೇ. 25ರಷ್ಟು. ಕುದುರೆ ತಲೆ ತಗ್ಗಿಸಿ ನಿಂತಾಗ ಈ ಕಿರಣ ಕೆಳಗಿನಿಂದ ಮೂತಿಗೆ, ತುಟಿಯ ಅಡಿಗೆ ಬೀಳುತ್ತದೆ. ಶಿರಸಿ, ಸಿದ್ದಾಪುರದ ಕಡೆಯ ಘಟ್ಟದ ಮೇಲಿನವರಿಗೆ ಈ ತೊಂದರೆ ಕಡಿಮೆ. ಅಲ್ಲಿ ಮರವೂ ಇದೆ, ಹಸಿರು ನೆಲವೂ ಇದೆ. ಅವರ ತಲೆನೋವು ಬೇರೆ, ಅದು ಮೇವಿನ ಭಾಗದಲ್ಲಿ ಬರುತ್ತದೆ.

ತಡೆ, ಮೊದಲ ಹೆಜ್ಜೆ: ದಿನದ ಹೊತ್ತು ಬದಲಿಸಿ

ಸವಾರಿ ಬೆಳಗ್ಗೆ 6ರಿಂದ 9.30, ಸಂಜೆ 4ರ ನಂತರ. ನಡುವೆ ನೆರಳು, ನೀರು, ಮೇವು. ಮನೆಯಲ್ಲಿ ಸಾಕಿದ ಕುದುರೆಯಾದರೆ ಮೇಯಲು ರಾತ್ರಿ ಬಿಡಿ, ಹಗಲು ಕೊಟ್ಟಿಗೆಯಲ್ಲಿ ಕಟ್ಟಿ. ಬೇಲಿ ಗಟ್ಟಿ ಇದ್ದರೆ ಮಾತ್ರ, ಬೀದಿನಾಯಿಗಳ ಕಾಟ ನಿಮಗೆ ಗೊತ್ತೇ ಇದೆ.

ಸವಾರಿಯೇ ಹೊಟ್ಟೆಪಾಡು ಆದವರಿಗೆ ಇದು ಹೇಳಿದಷ್ಟು ಸುಲಭ ಅಲ್ಲ. ರಜೆಯ ದಿನ 11 ಗಂಟೆಗೆ ಬಸ್ಸಿನಿಂದ ಇಳಿದ ಪ್ರವಾಸಿಗೆ ಆಗಲೇ ಸವಾರಿ ಬೇಕು. ಎರಡು ಕುದುರೆ ಇದ್ದರೆ ಕಪ್ಪು ಮೂತಿಯದ್ದನ್ನು ಹಗಲಿಗೆ, ಗುಲಾಬಿ ಮೂತಿಯದ್ದನ್ನು ಸಂಜೆಗೆ ಇಟ್ಟುಕೊಳ್ಳಿ. ಒಂದೇ ಇದ್ದರೆ ಸವಾರಿ ಮುಗಿದ ಕೂಡಲೇ ನೆರಳಿಗೆ ತನ್ನಿ, ಗಿರಾಕಿ ಕಾಯುತ್ತಾ ಬಿಸಿಲಲ್ಲಿ ನಿಲ್ಲಿಸಬೇಡಿ. ದಿನದ ಲೆಕ್ಕ ಹಾಕಿ ನೋಡಿ, ನಡೆಯುವ ಹೊತ್ತಿಗಿಂತ ಸುಮ್ಮನೆ ನಿಲ್ಲುವ ಹೊತ್ತೇ ಜಾಸ್ತಿ ಇರುತ್ತದೆ. ಸುಡುವುದೂ ಆಗಲೇ.

ಎರಡನೇ ಹೆಜ್ಜೆ: ನೆರಳು ಕಟ್ಟುವುದು

ತೀರದ ಗಾಳಿ ಮರದ ತೋಪು ನೋಡಲು ನೆರಳಿನ ಹಾಗೆ ಕಾಣುತ್ತದೆ. ಅದರ ಸೂಜಿಯಂಥ ಎಲೆಯ ನಡುವೆ ಬಿಸಿಲು ಸೋರಿ ಬರುತ್ತದೆ. ಬೆಳಗ್ಗೆ, ಸಂಜೆಗೆ ಸಾಕು. ನಡುಹಗಲಿಗೆ ಸಾಲದು. ದಟ್ಟ ಎಲೆಯ ಹೊನ್ನೆ, ಮಾವು, ಹಲಸು ವಾಸಿ. ಗೇರು ಮರದ ಕೆಳಗೆ ಹಣ್ಣು ಬೀಳುವ ಕಾಲದಲ್ಲಿ ಕಟ್ಟಬೇಡಿ. ಗೇರುಬೀಜದ ಸಿಪ್ಪೆಯ ಎಣ್ಣೆ ತುಟಿಗೆ ತಾಗಿದರೆ ಗುಳ್ಳೆ ಏಳುತ್ತದೆ, ಆಮೇಲೆ ಅದು ಬಿಸಿಲಿನದೋ ಬೀಜದ್ದೋ ಗೊತ್ತಾಗುವುದಿಲ್ಲ. ಮಾವಿನ ಸೊನೆಗೂ ಇದೇ ಮಾತು.

ಚಪ್ಪರ ಕಟ್ಟುವುದಾದರೆ ದುಡ್ಡು ಜಾಸ್ತಿ ಬೇಡ. ಒಂದು ಕುದುರೆಗೆ 12 ಅಡಿ ಉದ್ದ, 12 ಅಡಿ ಅಗಲ, ಕನಿಷ್ಠ 10 ಅಡಿ ಎತ್ತರ ಇರಲಿ. ತಲೆ ಎತ್ತಿದರೆ ಅಡಿಕೆ ದಬ್ಬೆ ಕಿವಿಗೆ ತಾಗಬಾರದು. ಕಂಬ ಗಟ್ಟಿ ನೆಡಿ, ಕುದುರೆ ಮೈ ಉಜ್ಜುತ್ತದೆ. ಮೇಲೆ ತೆಂಗಿನ ಮಡಲು ಅಥವಾ ಅಡಿಕೆ ಸೋಗೆಯನ್ನು ದಪ್ಪವಾಗಿ ಹೊದೆಸಿ. ನನ್ನನ್ನು ಕೇಳಿದರೆ ತಗಡಿಗಿಂತ ಸೋಗೆಯೇ ಮೇಲು. ತಗಡು ಕಿರಣ ತಡೆಯುತ್ತದೆ, ಆದರೆ ಕೆಳಗೆ ಒಲೆಯಂಥ ಸೆಕೆ. ತಗಡೇ ಇದ್ದರೆ ಅದರ ಮೇಲೆ ಮಡಲು ಹಾಸಿ.

ಚಪ್ಪರ ಉದ್ದವಾಗಿ ಕಟ್ಟುವುದಾದರೆ ಅದರ ಉದ್ದ ಪೂರ್ವ ಪಶ್ಚಿಮವಾಗಿರಲಿ. ಪಶ್ಚಿಮದ ಬದಿಗೆ ತಟ್ಟಿ ಕಟ್ಟಿ. ನಮ್ಮಲ್ಲಿ ಕಡಲು ಪಶ್ಚಿಮಕ್ಕೆ. ಮಧ್ಯಾಹ್ನ ಎರಡರ ಮೇಲೆ ಬಿಸಿಲು ಓರೆಯಾಗಿ ಒಳಗೆ ಬರುತ್ತದೆ, ನೀರಿನ ಪ್ರತಿಫಲನವೂ ಅತ್ತಲಿಂದಲೇ. ಉತ್ತರ ದಕ್ಷಿಣ ತೆರೆದಿರಲಿ, ಗಾಳಿ ಆಡಬೇಕು. ನರ್ಸರಿಯ ಹಸಿರು ಶೇಡ್ ನೆಟ್ ಬಳಸುವವರು ಶೇ. 50ರದ್ದು ಒಂದೇ ಪದರ ಹಾಕಿ ಸಾಕು ಅಂದುಕೊಳ್ಳುತ್ತಾರೆ. ಅರ್ಧ ಬಿಸಿಲು ಒಳಗೇ ಬರುತ್ತದೆ. ಶೇ. 75ರದ್ದು ತನ್ನಿ, ಇಲ್ಲವೇ ಎರಡು ಪದರ ಹಾಕಿ.

ಮೇವು, ನೀರು ನೆರಳಿನ ನಡುಭಾಗದಲ್ಲಿಡಿ. ಬಕೆಟ್ ಹೊರಗಿದ್ದರೆ ಕುದುರೆಯ ಮೈ ನೆರಳಲ್ಲಿ, ಮೂತಿ ಬಿಸಿಲಲ್ಲಿ!

ಮೂರನೇ ಹೆಜ್ಜೆ: ಮುಖಕ್ಕೆ ಮುಸುಕು

ನೊಣ ತಡೆಯುವ ಜಾಲರಿ ಮುಸುಕು ಆನ್‌ಲೈನಿನಲ್ಲಿ ಸಿಗುತ್ತದೆ. ಮೂಗಿನ ತನಕ ಇಳಿಯುವ ತುಂಡು ಇರುವುದನ್ನೇ ಆರಿಸಿ. ಕಣ್ಣು ಕಿವಿ ಮಾತ್ರ ಮುಚ್ಚುವುದಾದರೆ ಸುಡುವ ಜಾಗ ಹೊರಗೇ ಉಳಿಯಿತಲ್ಲ.

ದರ್ಜಿಯಿಂದ ಹೊಲಿಸಬಹುದು. ಒತ್ತು ನೇಯ್ಗೆಯ ಹಗುರ ಬಟ್ಟೆ ತೆಗೆದುಕೊಂಡು, ಮೂಗಿನ ಪಟ್ಟಿಗೆ ಎರಡೂ ಬದಿ ವೆಲ್ಕ್ರೋ ಇಟ್ಟು ಮೂತಿಯ ಮೇಲೆ ಇಳಿಬಿಡಬೇಕು. ಹೊಳ್ಳೆಗೆ ಮುಚ್ಚಬಾರದು, ಹೊಳ್ಳೆಯ ಮೇಲೆ ಎರಡು ಬೆರಳು ಜಾಗ ಇರಲಿ. ವೆಲ್ಕ್ರೋ ಯಾಕೆಂದರೆ ಎಲ್ಲಾದರೂ ಸಿಕ್ಕಿಕೊಂಡರೆ ಎಳೆದ ಕೂಡಲೇ ಬಿಚ್ಚಿಕೊಳ್ಳಬೇಕು. ಗಂಟು ಹಾಕಿದ ಹಗ್ಗದಿಂದ ಕುದುರೆ ಗಾಬರಿಯಾಗಿ ಅನಾಹುತ ಆಗುತ್ತದೆ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಆಚೆಯದು ಸ್ಪಷ್ಟ ಕಂಡರೆ ಅದು ಬಿಸಿಲು ತಡೆಯುವ ಬಟ್ಟೆ ಅಲ್ಲ. ತಂಪಾಗಲಿ ಅಂತ ಹತ್ತಿ ಬಟ್ಟೆ ನೆನೆಸಿ ಹಾಕುವವರಿದ್ದಾರೆ. ಒದ್ದೆಯಾದ ತೆಳು ಹತ್ತಿಯೊಳಗೆ ಕಿರಣ ಇನ್ನೂ ಜಾಸ್ತಿ ದಾಟುತ್ತದೆ.

ಮುಸುಕನ್ನು ರಾತ್ರಿ ತೆಗೆಯಿರಿ, ದಿನಾ ಒಗೆಯಿರಿ. ಉಪ್ಪು, ಬೆವರು, ಮರಳು ಸೇರಿದ ಬಟ್ಟೆ ಉಜ್ಜಿದರೆ ಅದೇ ಒಂದು ಗಾಯ.

ನಾಲ್ಕನೇ ಹೆಜ್ಜೆ: ಕ್ರೀಮು

ಇದನ್ನು ನಾಲ್ಕನೆಯದಾಗಿ ಹೇಳಿದ್ದು ಬೇಕೆಂದೇ. ಕುದುರೆ ಮೂತಿಯನ್ನು ಹುಲ್ಲಿಗೆ ಒರೆಸುತ್ತದೆ, ಬಕೆಟ್ಟಿಗೆ ಅದ್ದುತ್ತದೆ, ನಿಮ್ಮ ಅಂಗಿಗೂ ಒರೆಸುತ್ತದೆ. ಬೆಳಗ್ಗೆ ಹಚ್ಚಿದ್ದು ಹುರುಳಿ ತಿಂದು ಮುಗಿಸುವಷ್ಟರಲ್ಲಿ ಅರ್ಧ ಹೋಗಿರುತ್ತದೆ.

ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವುದನ್ನು ನೋಡಿ ತನ್ನಿ. ಬಿಸಿಲು ತಡೆಯುವ ಶಕ್ತಿಯ ಅಳತೆಯಾದ ಎಸ್‌ಪಿಎಫ್ 30 ಅಥವಾ ಮೇಲೆ, ಪರಿಮಳ ಇಲ್ಲದ್ದು. ಚಿಕ್ಕ ಮಕ್ಕಳ ಚರ್ಮಕ್ಕೆ ಬರುವಂಥದ್ದು ಹೆಚ್ಚಾಗಿ ಕುದುರೆಗೂ ಹೊಂದುತ್ತದೆ. ಡೈಪರ್‌ನಿಂದ ಮಕ್ಕಳಿಗೆ ಏಳುವ ದದ್ದಿಗೆ ಹಚ್ಚುವ ದಪ್ಪ ಬಿಳಿ ಜಿಂಕ್ ಮುಲಾಮು ಮೂತಿಯ ಮೇಲೆ ಚೆನ್ನಾಗಿ ನಿಲ್ಲುತ್ತದೆ. ಲೇಬಲ್ ಓದಿ, ಅದರಲ್ಲಿ ಸ್ಟಿರಾಯ್ಡ್ ಇರಬಾರದು.

ಮೊದಲ ದಿನವೇ ಮುಖಕ್ಕೆಲ್ಲ ಬಳಿಯಬೇಡಿ. ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಹಚ್ಚಿ ಒಂದು ದಿನ ಕಾಯಿರಿ. ಕೆಂಪಾಗದಿದ್ದರೆ ಮುಂದುವರಿಸಿ. ಅಳತೆ ಹೀಗೆ: ತೋರುಬೆರಳ ಕೊನೆಯ ಗೆಣ್ಣಿನಷ್ಟು ಉದ್ದ ಹಿಂಡಿದ ಕ್ರೀಮು, ನಿಮ್ಮ ಎರಡು ಅಂಗೈಯಷ್ಟು ಜಾಗಕ್ಕೆ. ಬಿಸಿಲಿಗೆ ಹೋಗುವ 20 ನಿಮಿಷ ಮೊದಲು, ಒಣಗಿದ ಸ್ವಚ್ಛ ಚರ್ಮಕ್ಕೆ ಹಚ್ಚಿ. ಎರಡು ಗಂಟೆಗೊಮ್ಮೆ ಮತ್ತೆ. ನೀರು ಕುಡಿದು ಮೇವು ತಿಂದ ಮೇಲೆ ಮತ್ತೆ. ಕಣ್ಣಿನ ರೆಪ್ಪೆಯ ಅಂಚಿಗೆ, ಹೊಳ್ಳೆಯ ಒಳಗೆ ಬೇಡ. ಅಲ್ಲಿಗೆ ಮುಸುಕೇ ಗತಿ.

ಇನ್ನು ಉಪ್ಪು. ಕಡಲಿಗೆ ಇಳಿಸಿದ ಕುದುರೆಯ ಮುಖ, ಕಾಲು, ಹೊಟ್ಟೆಯಡಿ ಸಿಹಿನೀರಿನಲ್ಲಿ ತೊಳೆಯಿರಿ. ತೀರದ ಬಾವಿ ಬೇಸಿಗೆಯಲ್ಲಿ ಉಪ್ಪಾದರೆ ಮೂತಿಗೆ ಒಂದು ಕೊಡ ಒಳ್ಳೆಯ ನೀರಾದರೂ ಬೇರೆ ತೆಗೆದಿಡಿ.

ಸುಟ್ಟಿದೆಯೆಂದು ಗುರುತಿಸುವುದು

ಬಿಸಿಲಿಗೆ ನಿಂತ ಕೆಲವು ಗಂಟೆಯಲ್ಲಿ ಶುರುವಾಗಿ ಮರುದಿನದ ಹೊತ್ತಿಗೆ ಪೂರ್ತಿ ಕಾಣುತ್ತದೆ. ಗುಲಾಬಿ ಇದ್ದದ್ದು ಗಾಢ ಕೆಂಪು. ಮುಟ್ಟಿದರೆ ಬಿಸಿ. ಕುದುರೆ ತಲೆ ಕೊಸರುತ್ತದೆ. ಸಾಧಾರಣ ಸುಟ್ಟದ್ದಾದರೆ ಮೂರು ನಾಲ್ಕು ದಿನಕ್ಕೆ ಸಿಪ್ಪೆ ಎದ್ದು ಒಂದು ವಾರ, ಹತ್ತು ದಿನದಲ್ಲಿ ಮಾಯುತ್ತದೆ. ಜಾಸ್ತಿ ಸುಟ್ಟರೆ ಊತ, ನೀರುಗುಳ್ಳೆ, ಒಡೆದು ಜಿನುಗಿ ಹಳದಿ ಹಕ್ಕಳೆ. ತುಟಿ ಬಾತು ಮೇವು ತಿನ್ನುವುದೇ ಕಷ್ಟವಾಗುತ್ತದೆ.

ನಿಜವಾಗಿ ಬಿಸಿಲಷ್ಟೇ ಕಾರಣವೇ?

ಈ ಭಾಗವನ್ನು ದಯವಿಟ್ಟು ಹಾರಿಸಬೇಡಿ. ಸುಟ್ಟ ಹಾಗೆ ಕಾಣುವ ಇನ್ನೊಂದು ರೋಗವಿದೆ. ವೈದ್ಯರು ಅದಕ್ಕೆ ಫೋಟೋಸೆನ್ಸಿಟೈಸೇಶನ್ ಅನ್ನುತ್ತಾರೆ. ಅದರಲ್ಲಿ ಬಿಸಿಲು ಬರೀ ಬೆಂಕಿಕಡ್ಡಿ, ಸಿಡಿಮದ್ದು ಮೊದಲೇ ರಕ್ತದಲ್ಲಿ ಸೇರಿಕೊಂಡಿರುತ್ತದೆ.

ಆಗುವುದು ಹೀಗೆ. ಕುದುರೆ ಹಸಿರು ತಿಂದಾಗ ಅದರ ಹರಿತ್ತು ಹೊಟ್ಟೆಯಲ್ಲಿ ಕರಗಿ ಫೈಲೋಎರಿಥ್ರಿನ್ ಎಂಬ ವಸ್ತು ಆಗುತ್ತದೆ. ಆರೋಗ್ಯವಾಗಿರುವ ಲಿವರ್ ಅದನ್ನು ಪಿತ್ತದ ಜೊತೆ ಹೊರಗೆ ಹಾಕುತ್ತದೆ. ಲಿವರ್ ಕೆಟ್ಟಿದ್ದರೆ ಅದು ರಕ್ತದಲ್ಲೇ ಉಳಿದು ಚರ್ಮಕ್ಕೆ ಬರುತ್ತದೆ. ಅಲ್ಲಿ ಬಿಸಿಲು ತಾಗಿದ ಕೂಡಲೇ ಕೆರಳಿ ಚರ್ಮವನ್ನು ಕೊಲ್ಲುತ್ತದೆ. ಕಪ್ಪು ಚರ್ಮದೊಳಗೆ ಬೆಳಕು ಇಳಿಯದ ಕಾರಣ ಇಲ್ಲೂ ಸುಡುವುದು ಬಿಳಿ ಜಾಗವೇ. ಮೋಸ ಹೋಗುವುದು ಅಲ್ಲೇ.

ವ್ಯತ್ಯಾಸ ಹಿಡಿಯಲು ಕೆಲವು ಗುರುತು ಇವೆ. ಸಾದಾ ಬಿಸಿಲಿಗೆ ಸುಡುವುದು ಕೂದಲು ಕಡಿಮೆ ಇರುವ ಮೂತಿ, ಕಣ್ಣಿನ ಸುತ್ತ. ಕೂದಲು ದಟ್ಟ ಇರುವ ಬಿಳಿ ಕಾಲು, ಮೈಮೇಲಿನ ಬಿಳಿ ಮಚ್ಚೆ ಸಹ ಬಾತು, ಜಿನುಗಿ, ಚರ್ಮ ಗಟ್ಟಿಯಾಗಿ ಹಾಳೆಯಂತೆ ಏಳುತ್ತಿದ್ದರೆ ಸಂಶಯಪಡಿ. ಪ್ರತಿವರ್ಷ ಇದೇ ಬಿಸಿಲಲ್ಲಿ ಸರಿಯಿದ್ದ ಕುದುರೆ ಈ ಸಲ ದಿಢೀರನೆ ಸುಟ್ಟರೆ ಸಂಶಯಪಡಿ. ಜೊತೆಗೆ ಮೇವು ಬಿಟ್ಟಿದೆ, ಮಂಕಾಗಿದೆ, ಪದೇ ಪದೇ ಆಕಳಿಸುತ್ತದೆ, ಮೂತ್ರ ಗಾಢ ಬಣ್ಣ, ಒಸಡು ಮತ್ತು ಕಣ್ಣಿನ ಬಿಳಿ ಹಳದಿ ಎಂದರೆ ಅದೇ ದಿನ ವೈದ್ಯರನ್ನು ಕರೆಯಬೇಕು. ಗೋಡೆಗೆ ತಲೆ ಒತ್ತಿ ನಿಂತರೆ ಗಂಟೆಯೂ ಕಾಯಬೇಡಿ.

ಲಿವರ್ ಕೆಡಿಸುವ ಸಾಮಾನು ನಮ್ಮ ಸುತ್ತಲೇ ಇದೆ. ಲಂಟಾನ ಬೇಲಿ ತುಂಬಾ ಬೆಳೆದಿದೆ. ದನ, ಕುರಿಯಲ್ಲಿ ಅದರ ವಿಷ ಹೆಸರುವಾಸಿ. ಕುದುರೆಗೂ ಅದನ್ನು ತಿನ್ನಲು ಬಿಡಬಾರದು. ಹಳದಿ ಹೂ ಬಿಟ್ಟು, ಒಣಗಿದ ಕಾಯಿ ಅಲ್ಲಾಡಿಸಿದರೆ ಗಿಲಿಗಿಲಿ ಸದ್ದು ಮಾಡುವ ಕ್ರೊಟಲೇರಿಯಾ ಗಿಡ ಬಂದರಂಚಿನ ಮರಳಲ್ಲೂ ಗದ್ದೆಯ ಬದುವಿನಲ್ಲೂ ಬೆಳೆಯುತ್ತದೆ. ಅದರ ಜಾತಿಗಳಲ್ಲಿ ಕೆಲವು ಕುದುರೆಯ ಲಿವರನ್ನು ಸದ್ದಿಲ್ಲದೆ ಹಾಳು ಮಾಡುತ್ತವೆ. ತಿಂದು ವಾರ, ತಿಂಗಳ ಮೇಲೆ ಲಕ್ಷಣ ಕಾಣಬಹುದು. ಆದ್ದರಿಂದ "ನಿನ್ನೆ ಏನು ತಿಂತು" ಅಂತ ಮಾತ್ರ ಯೋಚಿಸಬೇಡಿ.

ಹಸಿ ಗಿಡವನ್ನು ಕುದುರೆ ಬಿಡಬಹುದು. ಕರಡದಲ್ಲಿ, ಅಂದರೆ ಒಣಹುಲ್ಲಿನಲ್ಲಿ, ಸೇರಿ ಒಣಗಿದ್ದನ್ನು ಆರಿಸಿ ಬಿಡುವುದು ಕಷ್ಟ. ಬೇಣದ ಹುಲ್ಲು ಕೊಯ್ದು ತರುವ ಶಿರಸಿ, ಸಿದ್ದಾಪುರದ ಕಡೆಯವರು ಹೊರೆ ಬಿಚ್ಚುವಾಗ ಒಮ್ಮೆ ಹರಡಿ ನೋಡಿ, ಗಿಡಗಂಟಿ ಆರಿಸಿ ತೆಗೆಯಿರಿ. ಮಳೆಗಾಲದಲ್ಲಿ ಬೂಸ್ಟು ಹಿಡಿದ ಹುಲ್ಲು, ವಾಸನೆ ಬಂದ ಶೇಂಗಾ ಹಿಂಡಿ ಬೇಡವೇ ಬೇಡ. ಶೇಂಗಾ ಹಿಂಡಿಯ ಬೂಸ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಅದೂ ಲಿವರಿಗೇ ಹೊಡೆತ. ಎಮ್ಮೆಗೆ ಹಾಕುತ್ತೇವಲ್ಲ ಎಂದು ಕುದುರೆಗೆ ಸುರಿಯಬೇಡಿ. ಎಮ್ಮೆಗೂ ಹಾಕಬಾರದು ಅನ್ನುವುದು ಬೇರೆ ಮಾತು.

ಟೆಟ್ರಾಸೈಕ್ಲಿನ್ ಜಾತಿಯ ಔಷಧಿ, ಕೆಲವು ಸಲ್ಫಾ ಔಷಧಿ ಕೊಟ್ಟಾಗಲೂ ಚರ್ಮ ಬೆಳಕಿಗೆ ನಾಜೂಕಾಗಬಹುದು. ಇಂಜೆಕ್ಷನ್ ಆದ ಮೇಲೆ ಬಿಸಿಲಿಗೆ ಬಿಡಬಹುದೇ ಎಂದು ವೈದ್ಯರನ್ನು ಕೇಳಿ.

ಮಳೆಗಾಲದಲ್ಲಿ ಇನ್ನೊಂದು ಗೊಂದಲ. ಬಿಳಿ ಕಾಲಿನ ಗೊರಸಿನ ಮೇಲೆ ಹಕ್ಕಳೆ ಕಟ್ಟಿ, ಕೂದಲು ಗೊಂಚಲಾಗಿ ಕಿತ್ತು ಬಂದರೆ ಅದು ಕೆಸರು, ತೇವದಿಂದ ಬರುವ ಬ್ಯಾಕ್ಟೀರಿಯಾ ಸೋಂಕು ಇರಬಹುದು. ಜುಲೈಯಲ್ಲಿ ಅದಕ್ಕೆ ಸನ್‌ಸ್ಕ್ರೀನ್ ಹಚ್ಚಿ ಪ್ರಯೋಜನ ಇಲ್ಲ. ಒಣ ನೆಲ ಬೇಕು, ವೈದ್ಯರ ಔಷಧಿ ಬೇಕು.

ಸುಟ್ಟ ಮೇಲೆ ಏನು ಮಾಡಬೇಕು

1. ತಕ್ಷಣ ನೆರಳಿಗೆ ತನ್ನಿ. ಲಗಾಮು, ಮೂಗಿನ ಪಟ್ಟಿ ಬಿಚ್ಚಿ. ಕಟ್ಟಲೇಬೇಕಾದರೆ ಕೊರಳಿಗೆ ಅಗಲ ಪಟ್ಟಿ ಹಾಕಿ.

2. ಮಂಜುಗಡ್ಡೆ ಬೇಡ. ಮಡಕೆ ನೀರಿನಷ್ಟು ತಂಪು ಸಾಕು. ಮೆತ್ತನೆಯ ಬಟ್ಟೆ ಅದ್ದಿ 10ರಿಂದ 15 ನಿಮಿಷ ಮೆಲ್ಲಗೆ ಇಡಿ, ಉಜ್ಜಬೇಡಿ. ಮೊದಲ ದಿನ ಮೂರು ನಾಲ್ಕು ಸಲ ಮಾಡಿ.

3. ಕೆಂಪು ಮಾತ್ರ ಇದ್ದು ಚರ್ಮ ಒಡೆದಿಲ್ಲ ಎಂದಾದರೆ ಲೋಳೆಸರ ಹಚ್ಚಬಹುದು. ಎಲೆ ಕೊಯ್ದು ಸ್ವಲ್ಪ ಹೊತ್ತು ನೆಟ್ಟಗೆ ನಿಲ್ಲಿಸಿ, ಹಳದಿ ಸೊನೆ ಇಳಿದು ಹೋಗಲಿ. ಸೊನೆ ತುರಿಕೆ ತರುತ್ತದೆ, ಹೊಟ್ಟೆಗೆ ಹೋದರೆ ಭೇದಿ. ಒಳಗಿನ ಬಿಳಿ ತಿರುಳು ಮಾತ್ರ ಬಳಸಿ. ಕ್ಯಾಲಮೈನ್ ಲೋಷನ್ ಕೂಡ ಆಗುತ್ತದೆ.

4. ಗುಳ್ಳೆ ಎದ್ದಿದ್ದರೆ ಒಡೆಯಬೇಡಿ. ತಾನಾಗಿ ಒಡೆದಿದ್ದರೆ ಉಪ್ಪುನೀರಿನಿಂದ ತೊಳೆಯಿರಿ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಎರಡು ಸಣ್ಣ ಚಮಚ ಉಪ್ಪು, ತಲೆಸಮ ಮಾಡಿ ಹಾಕಿ. ಕಡಲ ನೀರು ಇದಕ್ಕೆ ಬದಲಿ ಅಲ್ಲ, ಅದರಲ್ಲಿ ಉಪ್ಪೂ ಜಾಸ್ತಿ, ಕೊಳೆಯೂ ಜಾಸ್ತಿ.

5. ಹಕ್ಕಳೆ ಕೀಳಬೇಡಿ. ಉಪ್ಪುನೀರಲ್ಲಿ ನೆನೆಸಿ, ತಾನಾಗಿ ಬಿಟ್ಟದ್ದನ್ನು ಮಾತ್ರ ತೆಗೆಯಿರಿ.

6. ಒಡೆದ ಚರ್ಮಕ್ಕೆ ಯಾವ ಮುಲಾಮು ಎಂದು ವೈದ್ಯರೇ ಹೇಳಲಿ. ಸುಟ್ಟಗಾಯಕ್ಕೆ ಸಿಲ್ವರ್ ಸಲ್ಫಾಡೈಜೀನ್ ಕ್ರೀಮು ಬರೆದುಕೊಡುವುದುಂಟು. ಅದು ಕಣ್ಣಿನ ಹತ್ತಿರಕ್ಕಲ್ಲ.

7. ನೊಣ ಕೂರದಂತೆ ನೋಡಿಕೊಳ್ಳಿ. ನಮ್ಮ ಸೆಕೆಯಲ್ಲಿ ತೆರೆದ ಗಾಯಕ್ಕೆ ಹುಳ ಬೀಳಲು ಹೆಚ್ಚು ದಿನ ಬೇಡ. ವಾಸನೆ ಬಂದರೆ, ಗಾಯ ಆಳವಾದರೆ ತಡ ಮಾಡಬೇಡಿ.

8. ಧನುರ್ವಾಯು ಲಸಿಕೆ ಯಾವಾಗ ಆಗಿದೆ ನೋಡಿ. ಸಾಕುಪ್ರಾಣಿಗಳಲ್ಲಿ ಧನುರ್ವಾಯುವಿಗೆ ಕುದುರೆಯಷ್ಟು ಬೇಗ ತುತ್ತಾಗುವುದು ಇನ್ನೊಂದಿಲ್ಲ ಅನ್ನಬಹುದು.

ನೋವಿಗೆ ಮನುಷ್ಯರ ಮಾತ್ರೆ ಕೊಡಬೇಡಿ. ಡೈಕ್ಲೋಫೆನಾಕ್ ಅನ್ನು ಪ್ರಾಣಿಗಳಿಗೆ ಬಳಸುವುದನ್ನು ಭಾರತದಲ್ಲಿ 2006ರಲ್ಲೇ ನಿಷೇಧಿಸಿದ್ದಾರೆ, ಸತ್ತ ಜಾನುವಾರು ತಿಂದ ರಣಹದ್ದುಗಳು ಅದರಿಂದ ಸಾಯುತ್ತಿದ್ದವು. ಕುದುರೆಗೆ ಬೇರೆ ಔಷಧಿಗಳಿವೆ, ತೂಕ ನೋಡಿ ವೈದ್ಯರು ಕೊಡುತ್ತಾರೆ. ಸ್ಟಿರಾಯ್ಡ್ ಇರುವ ಟ್ಯೂಬನ್ನೂ ಕೇಳದೆ ಹಚ್ಚಬೇಡಿ. ಸೋಂಕಿದ್ದರೆ ಅದನ್ನು ಮುಚ್ಚಿಡುತ್ತದೆ. ಕಣ್ಣಿಗೆ ಸ್ಟಿರಾಯ್ಡ್ ಹನಿ ಹಾಕಿ, ಒಳಗೆ ಗೀರುಗಾಯ ಇದ್ದರೆ ಕಣ್ಣೇ ಹೋಗಬಹುದು. ಕಣ್ಣು ಕಿರಿದು ಮಾಡಿ ನೀರು ಸುರಿಸುತ್ತಿದ್ದರೆ ಅದೇ ದಿನ ತೋರಿಸಿ.

ಬಿಸಿಲಲ್ಲಿ ಸುಟ್ಟ ಕುದುರೆಗೆ ಸೆಕೆಯ ಹೊಡೆತವೂ ಆಗಿರಬಹುದು. ಸುಮ್ಮನೆ ನಿಂತ ಕುದುರೆ ನಿಮಿಷಕ್ಕೆ 8ರಿಂದ 16 ಸಲ ಉಸಿರಾಡುತ್ತದೆ, ಮೈ ಕಾವು 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ನೆರಳಿಗೆ ತಂದ ಮೇಲೂ ಏದುಸಿರು ನಿಲ್ಲದಿದ್ದರೆ, ಕಾವು 40 ದಾಟಿದರೆ ಮೂತಿಯನ್ನು ಸದ್ಯಕ್ಕೆ ಬಿಡಿ. ಇಡೀ ಮೈಗೆ ತಣ್ಣೀರು ಸುರಿಯುತ್ತಾ ವೈದ್ಯರನ್ನು ಕರೆಯಿರಿ.

ಮನೆಮದ್ದಿನ ಬಗ್ಗೆ

ಅರಿಶಿನ ಹಚ್ಚಿದರೆ ಕೆಂಪು ಕಾಣುವುದೇ ಇಲ್ಲ, ಗಾಯ ಹೆಚ್ಚುತ್ತಿದೆಯೋ ಕಡಿಮೆಯಾಗುತ್ತಿದೆಯೋ ತಿಳಿಯುವುದಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ಬಿಸಿಲಿಗೆ ಬಿಡುವುದು ನಮ್ಮಲ್ಲಿ ಸಾಮಾನ್ಯ. ಅದು ಬಿಸಿಲನ್ನು ತಡೆಯುವಂಥದ್ದಲ್ಲ, ಮರಳನ್ನು ಮಾತ್ರ ಚೆನ್ನಾಗಿ ಹಿಡಿಯುತ್ತದೆ. ಮುರುಗಲ ತುಪ್ಪಕ್ಕೆ ನನ್ನ ಮತ ಇದೆ. ಚಳಿಗಾಲದಲ್ಲಿ ಹಿಮ್ಮಡಿ ಒಡೆದಾಗ ಹಚ್ಚುತ್ತೇವಲ್ಲ, ಅದೇ. ಗಾಯ ಮಾಯ್ದು ಚರ್ಮ ಒಣಗಿ ಬಿಗಿಯುವ ಹಂತದಲ್ಲಿ, ರಾತ್ರಿ ಹೊತ್ತು, ತೆಳ್ಳಗೆ ಸವರಿದರೆ ಬಿರುಕು ಬಿಡುವುದು ಕಡಿಮೆಯಾಗುತ್ತದೆ. ಹಸಿ ಗಾಯಕ್ಕೆ ಬೇಡ.

ವೈದ್ಯರನ್ನು ಕರೆಯುವಾಗ

ಪಶು ಆಂಬುಲೆನ್ಸ್ ಸಹಾಯವಾಣಿ 1962. ನಮ್ಮ ಪಶು ಆಸ್ಪತ್ರೆಗಳಿಗೆ ಬರುವುದು ಹೆಚ್ಚಾಗಿ ದನ, ಎಮ್ಮೆ, ನಾಯಿ. ಕುದುರೆ ಅಪರೂಪ. ಅದಕ್ಕೇ ನೀವು ವಿಷಯ ಕೂಡಿಸಿಟ್ಟುಕೊಂಡರೆ ಅವರಿಗೂ ಸುಲಭ. ಯಾವ ಜಾಗ ಸುಟ್ಟಿದೆ, ಯಾವಾಗಿನಿಂದ, ಕಳೆದ ಎರಡು ಮೂರು ತಿಂಗಳಲ್ಲಿ ಮೇವು ಎಲ್ಲಿಂದ ಬಂತು, ಯಾವ ಔಷಧಿ ಆಯಿತು, ಇಷ್ಟು ಹೇಳಿ. ಸಂಶಯದ ಗಿಡ ಇದ್ದರೆ ಹೂವು ಕಾಯಿ ಸಮೇತ ಒಂದು ಕೊಂಬೆ ತೋರಿಸಿ. "ಸಾರ್, ಲಿವರ್ ಟೆಸ್ಟಿಗೆ ರಕ್ತ ತೆಗೆಯಬೇಕಾ?" ಎಂದು ಕೇಳಲು ಸಂಕೋಚ ಬೇಡ. ಕುದುರೆಯಲ್ಲಿ ಜಿಜಿಟಿ ಎಂಬ ಪರೀಕ್ಷೆ ಲಿವರಿನ ತೊಂದರೆಯನ್ನು ಚೆನ್ನಾಗಿ ತೋರಿಸುತ್ತದೆ. ದೊಡ್ಡ ತಪಾಸಣೆ ಬೇಕಾದರೆ ಘಟ್ಟದ ಮೇಲೆ ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ.

ಮಾಯ್ದ ಮೇಲೂ ನೋಡುತ್ತಿರಬೇಕಾದ್ದು

ಹೊಸ ಚರ್ಮ ತೆಳು, ಮತ್ತೆ ಬೇಗ ಸುಡುತ್ತದೆ. ಕೂದಲು ಬರುವ ತನಕವಾದರೂ ಹಗಲು ಮುಸುಕು ಬಿಡಬೇಡಿ. ಮೂಗಿನ ಪಟ್ಟಿಗೆ ಮೆತ್ತನೆಯ ಬಟ್ಟೆ ಸುತ್ತಿ, ಸುಟ್ಟ ಜಾಗಕ್ಕಿಂತ ಮೇಲೆ ಕೂರುವಂತೆ ತೂತು ಹೊಂದಿಸಿ.

ವರ್ಷಗಟ್ಟಲೆ ಬಿಸಿಲು ತಿಂದ ಗುಲಾಬಿ ಚರ್ಮದಲ್ಲಿ ಕ್ಯಾನ್ಸರ್ ಬರಬಹುದು. ಕಣ್ಣಿನ ರೆಪ್ಪೆ, ಕಣ್ಣಿನ ಒಳಮೂಲೆಯ ಮೂರನೇ ರೆಪ್ಪೆ, ಶಿಶ್ನ, ಯೋನಿಯ ಅಂಚು ಅದು ಬರುವ ಜಾಗಗಳು. ಚಿಕ್ಕ ಕೆಂಪು ಗಂಟು, ಹೂಕೋಸಿನಂಥ ಬೆಳೆ, ಮಾಯದೆ ಪದೇ ಪದೇ ರಕ್ತ ಒಸರುವ ಹುಣ್ಣು ಕಂಡರೆ, ಮೂರು ವಾರ ಕಳೆದರೂ ಮಾಯದಿದ್ದರೆ, ಇದು ಹಳೇ ಬಿಸಿಲುಗಾಯ ಅಂತ ಬಿಡದೆ ತೋರಿಸಿ. ಸಣ್ಣದಿದ್ದಾಗ ಕೊಯ್ದು ತೆಗೆಯುವುದು ಸಾಧ್ಯ, ಕಣ್ಣುಗುಡ್ಡೆಗೆ ಹರಡಿದ ಮೇಲೆ ಕಣ್ಣನ್ನೇ ತೆಗೆಯಬೇಕಾಗಬಹುದು. ತಿಂಗಳಿಗೊಮ್ಮೆ ಮೈ ತೊಳೆಯುವಾಗ ಬಾಲ ಎತ್ತಿ, ರೆಪ್ಪೆ ಬಿಡಿಸಿ ನೋಡಿ. ಮೊದಲು ತೆಗೆದಿಟ್ಟ ಫೋಟೋ ಪಕ್ಕದಲ್ಲಿ ಹೊಸದನ್ನಿಟ್ಟರೆ ಬದಲಾವಣೆ ತಿಳಿಯುತ್ತದೆ.